ಪಕ್ಕದ ಗೋಡೆಯ ಹಬೆ

ಸೂರಿಗೆ ಇಳಿಬಿಟ್ಟ ಸರದ ಕೆಳಗಿನ ಹಣ್ಣೊಂದರ ತೊಟ್ಟಿನ ಪಕ್ಕದಲ್ಲಿ ಹಸಿರು ಚುಕ್ಕೆ ಕಂಡಾಗ ಕಿನುಕೊ ಮುಖ ತಾಗುವಷ್ಟು ಹತ್ತಿರ ಬಗ್ಗಿದಳು. ಕನ್ನಡಕ ತೆಗೆದು ಏಪ್ರನ್ನಿನ ತುದಿಯಲ್ಲಿ ಒರೆಸಿ ಮತ್ತೆ ಹಾಕಿಕೊಂಡು ನೋಡಿದಳು. ಕನ್ನಡಕದ ಕೊಳೆಯಾಗಿದ್ದರೆ ಎಷ್ಟು ಚೆನ್ನಾಗಿತ್ತು! ಚುಕ್ಕೆ ಅಲ್ಲೇ ಇತ್ತು. ಉಗುರಿನಿಂದ ಕೆರೆದರೆ ಹತ್ತಿಯ ಹಾಗೆ ಎದ್ದು ಬಂತು.

"ಹಾಳಾದ್ದೇ, ಈ ವರ್ಷನೂ ವಕ್ಕರಿಸಿದ್ಯಾ?" ಎಂದು ಆ ಬೂಷ್ಟಿಗೇ ಬೈದಳು. ಬೈದದ್ದು ಒಳಗೆ ಮಲಗಿದ್ದ ಗಂಡನಿಗೆ ಕೇಳಿಸಿತೇನೋ ಎಂದು ಬಾಯಿ ಮುಚ್ಚಿಕೊಂಡಳು.

ನೋಡಲು ಟೊಮೇಟೊ ಹಾಗಿರುವ ಕಾಕಿ ಹಣ್ಣು ಸುಲಿದು ಸೂರಿಗೆ ಕಟ್ಟುವುದು ನಮ್ಮ ಕಣಿವೆಯಲ್ಲಿ ಯಾರೂ ಯಾರಿಗೂ ಕಲಿಸುವ ವಿದ್ಯೆಯಲ್ಲ. ಹಸಿಯದನ್ನು ಬಾಯಿಗಿಟ್ಟರೆ ಒಗರಿಗೆ ನಾಲಿಗೆ ಮುರುಟಿಹೋಗುತ್ತದೆ. ಅದೇ ಹಣ್ಣನ್ನು ಸಿಪ್ಪೆ ತೆಗೆದು, ದಾರಕ್ಕೆ ಪೋಣಿಸಿ, ತಿಂಗಳೊಪ್ಪತ್ತು ಚಳಿಗಾಳಿಗೆ ಬಿಟ್ಟರೆ ಸಾಕು. ಸುಕ್ಕುಗಟ್ಟಿ, ಮೆತ್ತಗಾಗಿ, ಒಳಗಿನ ಸಕ್ಕರೆಯೇ ಹೊರಗೆ ಬಿಳಿ ಪುಡಿಯಾಗಿ ಕೂತು, ಖರ್ಜೂರಾನೂ ನಾಚಬೇಕು ಹಾಗಾಗುತ್ತದೆ. ವರ್ಷದ ಕೊನೆಯ ದಿನ ಸಂಜೆ ಊಟಕ್ಕೆ ಮೊದಲು ಮನೆಮಂದಿಯೆಲ್ಲ ಒಂದೊಂದು ತಿನ್ನುತ್ತಾರೆ. ತಿಂದವರಿಗೆ ಒಂದು ವಯಸ್ಸು ಏರಿತು ಅಂತ ಲೆಕ್ಕ. ಹುಟ್ಟುಹಬ್ಬ, ಕೇಕು, ಮೇಣದ ಬತ್ತಿ ಇವೆಲ್ಲ ಆಮೇಲೆ ಬಂದದ್ದು. ನಮ್ಮ ಹಿರಿಯರೆಲ್ಲ ಕಾಕಿ ತಿಂದೇ ವಯಸ್ಸಾದವರು.

ಈ ಸಲ ಆ ಒಂದು ಹಣ್ಣಿಗಾಗಿ ಕಿನುಕೊ ಇಷ್ಟು ಒದ್ದಾಡುತ್ತಿದ್ದುದಕ್ಕೆ ಕಾರಣವಿತ್ತು. ಅವಳ ಗಂಡ ಶಿಗೆಮಿಗೆ ಅನ್ನನಾಳದಲ್ಲಿ ಕ್ಯಾನ್ಸರು. ಈ ಬೇಸಿಗೆಯಲ್ಲಿ ಗೊತ್ತಾಯಿತು, ಗೊತ್ತಾಗುವಾಗಲೇ ಕೈಮೀರಿತ್ತು. ಎಲೆ ಉದುರುವ ಹೊತ್ತಿಗೆ ಆಸ್ಪತ್ರೆಯವರು ಇನ್ನು ಮನೆಯಲ್ಲೇ ಇರಲಿ ಎಂದು ಕಳಿಸಿಕೊಟ್ಟರು. ಹೊಸ ವರ್ಷ ನೋಡಬಹುದು, ನೋಡದೆಯೂ ಇರಬಹುದು ಎಂದರು. ಶಾಲೆಯ ಬಸ್ಸು ಓಡಿಸಿಕೊಂಡು, ಊರಿನ ಮಕ್ಕಳನ್ನೆಲ್ಲ ಅಡ್ಡಹೆಸರಿನಿಂದ ಕರೆದು ರೇಗಿಸಿಕೊಂಡು ಇದ್ದ ಮನುಷ್ಯ. ಈಗ ತೆಳ್ಳನೆ ಗಂಜಿಯನ್ನೂ ಅರ್ಧ ಬಟ್ಟಲಿಗೆ ಬಿಡುತ್ತಿದ್ದ. ಏನು ತಿನ್ನಬೇಕು ಅನ್ನಿಸುತ್ತೆ ಹೇಳಿ, ಮಾಡಿಕೊಡ್ತೀನಿ ಎಂದು ಅವಳು ದಿನಾ ಪೀಡಿಸುತ್ತಿದ್ದಳು. ಒಂದು ದಿನ ಅವನು ಹೇಳಿದ.

"ಏನೂ ಬೇಡ ಮಾರಾಯ್ತಿ. ವರ್ಷದ ಕೊನೇ ದಿನ ನಮ್ಮ ಮರದ ಕಾಕಿ ಒಂದು ಬಾಯಿಗೆ ಬಿದ್ದರೆ ಸಾಕು. ಇನ್ನೊಂದು ವರ್ಷ ಗಿಟ್ಟಿಸಿಕೊಂಡು ಬಿಡ್ತೀನಿ."

ನಗುತ್ತಲೇ ಹೇಳಿದ. ಆದರೆ ಹೇಳಿ ಮುಗಿಸಿದ ಮೇಲೂ ಅವಳ ಮುಖವನ್ನೇ ನೋಡುತ್ತಿದ್ದ. ಅದು ತಮಾಷೆಯಲ್ಲ ಎಂದು ಅವಳಿಗೆ ಗೊತ್ತಾಯಿತು.

ಅಂಗಡಿಯಿಂದ ತಂದರಾಯಿತಲ್ಲ ಎನ್ನಬೇಡಿ. ಅಂಗಡಿಯ ಕಾಕಿಯನ್ನು ಅವನು ಜನ್ಮದಲ್ಲಿ ಮುಟ್ಟಿದವನಲ್ಲ. "ಅಂಗಡಿ ಹಣ್ಣು ತಿಂದರೆ ವಯಸ್ಸು ಅಂಗಡಿಯವನಿಗೆ ಏರುತ್ತೆ" ಎನ್ನುತ್ತಿದ್ದ. ಹೋದ ವರ್ಷ ಸೂರಿಗೆ ಕಟ್ಟಿದ್ದೆಲ್ಲ ಬೂಷ್ಟು ಹಿಡಿದು ತಿಪ್ಪೆಗೆ ಹೋಗಿತ್ತು. ಆಗಲೂ ಅಂಗಡಿಯದು ಬೇಡವೆಂದಿದ್ದ. "ಪರವಾಗಿಲ್ಲ ಬಿಡು, ಒಂದು ವರ್ಷ ಹರೆಯದವರಾಗೇ ಇರೋಣ" ಎಂದು ಇಬ್ಬರೂ ಹಾಗೇ ಊಟಕ್ಕೆ ಕೂತಿದ್ದರು. ಮದುವೆಯಾದ ಮೇಲೆ ಕಾಕಿಯಿಲ್ಲದೆ ವರ್ಷ ದಾಟಿದ್ದು ಅದೊಂದೇ ಸಲ. ಮುಂದಿನ ಬೇಸಿಗೆಗೆ ಈ ಕಾಯಿಲೆ. ಕಿನುಕೊ ಶಕುನ ಗಿಕುನ ನಂಬುವ ಹೆಂಗಸಲ್ಲ. ಆದರೂ ಎರಡನ್ನೂ ಮನಸ್ಸಿನಲ್ಲಿ ಒಟ್ಟಿಗೆ ಗಂಟು ಹಾಕಿಬಿಟ್ಟಿದ್ದಳು. ಬಾಯಿಬಿಟ್ಟು ಯಾರಿಗೂ ಹೇಳಿರಲಿಲ್ಲ.

ಹೋದ ವರ್ಷ ಬಿಸಿಲು ಜಾಸ್ತಿ, ಚಳಿ ತಡ, ಅದಕ್ಕೇ ಹಾಳಾಯಿತು ಎಂದುಕೊಂಡಿದ್ದಳು. ಈ ವರ್ಷ ಚಳಿ ಸಮಯಕ್ಕೆ ಸರಿಯಾಗಿ ಬಂದಿತ್ತು. ಮತ್ತೆ ಯಾಕೆ? ಬೂಷ್ಟು ಹಿಡಿದ ಹಣ್ಣನ್ನು ಕೈಯಲ್ಲಿ ಹಿಡಿದುಕೊಂಡು ಹಾಗೇ ನಿಂತಿದ್ದಾಗ ಪಕ್ಕದ ಮನೆಯ ಗೋಡೆಯಿಂದ ಗುಂಯ್ ಎಂದು ಸಣ್ಣ ಸದ್ದು ಬಂತು. ಗೋಡೆಗೆ ಒರಗಿಸಿ ನಿಲ್ಲಿಸಿದ್ದ ಬೂದು ಬಣ್ಣದ ಪೆಟ್ಟಿಗೆ, ಬೀರುವಿನಷ್ಟು ಎತ್ತರದ್ದು. ಅದರ ಮಗ್ಗುಲಿನ ಬಾಯಿಯಿಂದ ಬೆಳ್ಳನೆ ಹಬೆ ಹೊರಟಿತು. ಎರಡು ಮನೆಗಳ ನಡುವಿನ ಓಣಿ ಎಷ್ಟು ಇಕ್ಕಟ್ಟೆಂದರೆ ಬಕೆಟ್ ಹಿಡಿದುಕೊಂಡ ಇಬ್ಬರು ಎದುರುಬದುರು ದಾಟಲಾರರು. ಬೆಳಗಿನ ಹೊತ್ತು, ಎಲೆ ಅಲುಗುವಷ್ಟೂ ಗಾಳಿಯಿಲ್ಲ. ಹಬೆ ಎಲ್ಲಿಗೆ ಹೋಗಬೇಕು? ಮೆಲ್ಲಗೆ ತೇಲಿ ಬಂದು, ಅವಳ ಸೂರಿನಡಿ ನುಗ್ಗಿ, ಹಣ್ಣಿನ ಸರಗಳ ಸುತ್ತ ಸುಳಿದಾಡಿತು. ಕೈ ಚಾಚಿದಳು. ಅಂಗೈ ಒದ್ದೆಯಾಯಿತು. ಹಣ್ಣು ಮುಟ್ಟಿದಳು. ಅದೂ ಒದ್ದೆ.

"ಓಹೋ, ನೀನಾ?" ಎಂದಳು ಕಿನುಕೊ. ಅಂದ ತಕ್ಷಣ ಇನ್ನೊಂದು ನೆನಪಾಯಿತು.

ಪಕ್ಕದಲ್ಲಿ ಕುಮಗಾಯಿ ಗಂಡಹೆಂಡಿರು ಮನೆ ಕಟ್ಟಿ ಮುಗಿಸಿದ್ದು ಹೋದ ವರ್ಷದ ವಸಂತದಲ್ಲಿ. ಆ ಪೆಟ್ಟಿಗೆ ಕೂರಿಸುವ ಮೊದಲು ಗ್ಯಾಸ್ ಅಂಗಡಿಯ ಓಗಿಸೊ ಅಕ್ಕಪಕ್ಕದವರ ಮನೆಗೆಲ್ಲ ಬಂದು ಹೋಗಿದ್ದ. ಕೆಲಸ ಶುರುಮಾಡುವ ಮುಂಚೆ ನೆರೆಯವರಿಗೆ ಒಂದು ಟವೆಲು ಕೊಟ್ಟು ಬಗ್ಗಿ ಕೇಳಿಕೊಳ್ಳುವುದು ಪದ್ಧತಿ. ಅವನೂ ಕಾಗದ ಸುತ್ತಿದ ಟವೆಲನ್ನು ಎರಡೂ ಕೈಯಲ್ಲಿ ಹಿಡಿದು ಅವಳ ಬಾಗಿಲಲ್ಲಿ ನಿಂತಿದ್ದ.

"ಫ್ಯೂಯಲ್ ಸೆಲ್ ಅಂತ ಅಮ್ಮ. ಗ್ಯಾಸಿನಿಂದ ಮನೆಯಲ್ಲೇ ಕರೆಂಟು ಮಾಡುತ್ತೆ, ಆ ಬಿಸಿಯಲ್ಲೇ ನೀರೂ ಕಾಯಿಸುತ್ತೆ. ಹೊಗೆ ಗಿಗೆ ಇರಲ್ಲ, ಹೊರಗೆ ಬರೋದು ನೀರಿನ ಆವಿ. ಆದರೆ ಜಾಗ ಇಕ್ಕಟ್ಟು ನೋಡಿ, ಅದರ ಬಾಯಿ ನಿಮ್ಮ ಮನೆ ಕಡೆಗೇ ಬರುತ್ತೆ. ಚಳಿಗಾಲದಲ್ಲಿ ಸ್ವಲ್ಪ ಬೆಳ್ಳಗೆ ಕಾಣುತ್ತೆ. ನಿಮಗೇನಾದರೂ ತೊಂದರೆ ಅಂದರೆ..."

"ಅಯ್ಯಯ್ಯೋ, ಎಂಥ ತೊಂದರೆ! ಏನೂ ಇಲ್ಲ, ಏನೂ ಇಲ್ಲ. ಇಟ್ಕೊಳ್ಳಿ."

"ಅಲ್ಲ, ಬೇಕಾದರೆ ದಿಕ್ಕು ತಿರುಗಿಸೋ ತಗಡಿನ ಮುಚ್ಚಳ ಸಿಗುತ್ತೆ..."

"ಛೆ ಛೆ, ನಮ್ಮಿಂದ ಅವರಿಗೆ ಯಾಕೆ ಖರ್ಚು? ಏನೂ ತೊಂದರೆ ಇಲ್ಲಪ್ಪಾ."

ತೊಂದರೆ ಎಂಬ ಮಾತು ಅವನ ಬಾಯಿಂದ ಪೂರ್ತಿ ಹೊರಬೀಳುವ ಮೊದಲೇ ಅವಳ ಉತ್ತರ ಸಿದ್ಧವಾಗಿತ್ತು. ನಮ್ಮ ಜನವೇ ಹಾಗೆ. ಯಾರಾದರೂ ಕಾಲು ತುಳಿದರೆ, ನೋವು ತಲೆಗೆ ಮುಟ್ಟುವ ಮುಂಚೆ "ಪರವಾಗಿಲ್ಲ" ಎಂದು ಬಾಯಿ ಹೇಳಿ ಆಗಿರುತ್ತದೆ. ಅದೂ ಆಗ ಮೇ ತಿಂಗಳು. ಸೂರು ಖಾಲಿ, ಮರದಲ್ಲಿ ಎಳೆ ಎಲೆ. ಕಾಕಿಯ ಯೋಚನೆ ಯಾರಿಗೆ ಬರುತ್ತದೆ? ಟವೆಲು ಒಳ್ಳೆಯದಿತ್ತು, ಇಷ್ಟು ದಿನ ಅದರಲ್ಲೇ ಮುಖ ಒರೆಸಿಕೊಂಡಿದ್ದಳು.

ಹೋಗಿ ಹೇಳಿದರೆ ಮುಗಿಯಿತು, ಇದಕ್ಕೇನು ಮಹಾ ಎಂದು ಹೊರಗಿನವರಿಗೆ ಅನ್ನಿಸಬಹುದು. ಒಂದು ಸಲ ತೊಂದರೆ ಇಲ್ಲ ಎಂದ ಮೇಲೆ ಇದೆ ಎನ್ನುವುದು ನಮ್ಮಲ್ಲಿ ಸುಳ್ಳು ಹೇಳಿದ್ದಕ್ಕಿಂತ ದೊಡ್ಡ ತಪ್ಪು. ಎದುರಿನವರ ಮುಖ ಸಣ್ಣದಾಗುತ್ತದೆ, ಹೇಳಿದವರ ಮುಖ ಅದಕ್ಕಿಂತ ಸಣ್ಣದಾಗುತ್ತದೆ, ಆಮೇಲೆ ಜನ್ಮಪೂರ್ತಿ ಬೇಲಿಯ ಎರಡೂ ಕಡೆಯಿಂದ ತಲೆ ಬಗ್ಗಿಸಿಕೊಂಡೇ ಓಡಾಡಬೇಕು. ಎಂಥ ಹುಚ್ಚು ಜನವಪ್ಪ ನಾವು!

ಆದರೂ ಅವಳು ಹೊರಟಳು. ಬರಿಗೈಯಲ್ಲಿ ಹೋಗಲಾಗದೆ ಸೊಪ್ಪಿನ ಉಪ್ಪಿನಕಾಯಿ ಒಂದು ಬಟ್ಟಲಿಗೆ ಹಾಕಿಕೊಂಡು ಹೋದಳು. ಕುಮಗಾಯಿ ಮಿಹೊ ಬೆನ್ನಿಗೆ ಕೂಸು ಕಟ್ಟಿಕೊಂಡೇ ಬಾಗಿಲು ತೆಗೆದಳು. ಕಣ್ಣಿನ ಕೆಳಗೆ ನಿದ್ದೆಗೆಟ್ಟ ಕಪ್ಪು, ಆದರೂ ನಗು.

"ಓ ಕಿನುಕೊಸಾನ್! ಬನ್ನಿ ಬನ್ನಿ. ಅಯ್ಯೋ, ಇದೆಲ್ಲ ಯಾಕೆ ತಂದ್ರಿ? ಯಜಮಾನರು ಹೇಗಿದಾರೆ?"

"ಹೀಗೇ ಇದಾರಮ್ಮ. ಮಗು ದಪ್ಪಗಾಯ್ತಲ್ಲ, ಯಾರ ದೃಷ್ಟಿನೂ ತಾಗದಿರಲಿ."

"ತಿನ್ನೋದೊಂದೇ ಕೆಲಸ ಇವನಿಗೆ. ಅವರಪ್ಪನ ಹಾಗೇ."

ಇಬ್ಬರೂ ನಕ್ಕರು. ಕಿನುಕೊ ಏಪ್ರನ್ನಿನ ತುದಿ ಹಿಂಡಿದಳು. "ಅದೇ... ಮಿಹೊ... ನಿಮ್ಮ ಆ ಪೆಟ್ಟಿಗೆ. ಬೆಳಿಗ್ಗೆ ಬೆಳಿಗ್ಗೆ ಶುರುವಾಗುತ್ತಲ್ಲಾ..."

ಮಿಹೊ ಮುಖ ಬಿಳಿಚಿಕೊಂಡಿತು. "ಸದ್ದು ಕೇಳಿಸ್ತಿದೆಯಾ? ದೇವರೇ! ಯಜಮಾನರು ಆಸ್ಪತ್ರೆಯಿಂದ ಬಂದ ದಿನವೇ ರಾತ್ರಿ ಓಡೋದನ್ನ ನಿಲ್ಲಿಸಿಬಿಟ್ವಿ. ಅವರ ನಿದ್ದೆ ಕೆಡಬಾರದು ಅಂತ. ಈಗ ಬೆಳಿಗ್ಗೆ, ಸಂಜೆ ಮಾತ್ರ ಹಾಕ್ತೀವಿ. ಮಗುವಿನ ಸ್ನಾನಕ್ಕೆ ಅಂತ. ಅದೂ ತೊಂದರೆ ಆಗ್ತಿದೆಯಾ? ನಿಜ ಹೇಳಿ."

ನಿಜ ಹೇಳಿ ಎಂದು ಬಾಯಿಬಿಟ್ಟು ಕೇಳಿದಳು ಪಾಪ. ಅಷ್ಟು ಹೇಳಿಕೊಟ್ಟರೂ ಕಿನುಕೊಗೆ ಬಾಯಿ ಬರಲಿಲ್ಲ. ಇವರು ತಮ್ಮ ಕೂಸಿನ ಬಿಸಿನೀರನ್ನು ಕಮ್ಮಿ ಮಾಡಿಕೊಂಡು ನನ್ನ ಗಂಡನ ನಿದ್ದೆ ಕಾಯುತ್ತಿದ್ದಾರೆ. ನಾನು ಹಣ್ಣಿನ ದೂರು ಹಿಡಿದುಕೊಂಡು ಬಂದಿದ್ದೇನೆ!

"ಸದ್ದಾ? ಎಲ್ಲಿಯ ಸದ್ದು! ನನಗಂತೂ ಕೇಳಿಸೋದೇ ಇಲ್ಲ. ಎಷ್ಟು ಒಳ್ಳೇ ಮಿಷನ್ನು, ಹೊಗೆ ಇಲ್ಲ ವಾಸನೆ ಇಲ್ಲ ಅಂತ ಹೇಳೋಕೆ ಬಂದೆ ಅಷ್ಟೇ."

ಮಿಹೊ ನಿಟ್ಟುಸಿರು ಬಿಟ್ಟು, ಬಟ್ಟಲನ್ನು ತೊಳೆದು, ಅದರ ತುಂಬ ಸೇಬು ಹಾಕಿ ಕಳಿಸಿದಳು. ಸೇಬು ಹೊತ್ತುಕೊಂಡು ಓಣಿ ದಾಟುವಾಗ ಕಿನುಕೊಗೆ ತನ್ನ ಮೇಲೇ ಅಸಹ್ಯವಾಯಿತು.

ಹೇಳಲಾಗದ ಮೇಲೆ ತಾನೇ ಏನಾದರೂ ಮಾಡಬೇಕಲ್ಲ. ಸೂರಿಗೆ ಪ್ಲಾಸ್ಟಿಕ್ ಹಾಳೆ ಇಳಿಬಿಟ್ಟಳು. ಹಬೆ ಹಾಳೆಯ ಕೆಳಗಿನಿಂದ ತೂರಿಕೊಂಡು ಒಳಗೇ ಬೆವರಿ, ಹೊರಗಿಗಿಂತ ಒಳಗೇ ಹೆಚ್ಚು ಹಸಿಯಾಯಿತು. ಹಾಳೆ ಕಿತ್ತು ಬಿಸಾಕಿ ಬಿದಿರಿನ ಚಾಪೆ ಕಟ್ಟಿದಳು. ಅದರ ಸಂದಿಯಲ್ಲೂ ನುಸುಳಿತು. ರಸ್ತೆಯ ಕಡೆಯ ಸೂರಿಗೆ ಎರಡು ಸರ ಸಾಗಿಸಿದಳು. ಮಧ್ಯಾಹ್ನಕ್ಕೆ ಗುಡ್ಡದಿಂದ ಇಳಿದ ಮಂಗಗಳು ದಾರವನ್ನಷ್ಟೇ ಉಳಿಸಿ ಹೋದವು. ಮನೆಯೊಳಗೆ ಕಟ್ಟೋಣವೆಂದರೆ ಶಿಗೆಮಿಯ ಗಂಟಲು ಒಣಗಬಾರದೆಂದು ಒಲೆಯ ಮೇಲೆ ಹಗಲೂ ಇರುಳೂ ನೀರು ಕುದಿಯುತ್ತಿತ್ತು. ಕೊನೆಗೆ ಅಟ್ಟದಿಂದ ಬೇಸಿಗೆಯ ಫ್ಯಾನು ಇಳಿಸಿ, ಉದ್ದದ ವಯರು ಎಳೆದು, ಓಣಿಯಲ್ಲಿ ಪಕ್ಕದವರ ಕಣ್ಣಿಗೆ ಬೀಳದ ಹಾಗೆ ಕಟ್ಟಿಗೆಯ ರಾಶಿಯ ಹಿಂದೆ ಇಟ್ಟು ಹಾಕಿದಳು. ಹಿಮ ಬೀಳುವ ಕಾಲದಲ್ಲಿ ಫ್ಯಾನು! ಯಾರಾದರೂ ನೋಡಿದ್ದರೆ ಈ ಹೆಂಗಸಿಗೆ ತಲೆ ಕೆಟ್ಟಿದೆ ಎನ್ನುತ್ತಿದ್ದರು.

ದಿನಾ ಬೆಳಿಗ್ಗೆ ಬಟ್ಟೆಯನ್ನು ಸಾರಾಯಿಯಲ್ಲಿ ಅದ್ದಿ ಒಂದೊಂದೇ ಹಣ್ಣನ್ನು ಕೂಸಿನ ಮೈ ಒರೆಸುವ ಹಾಗೆ ಒರೆಸುತ್ತಿದ್ದಳು. ಮದುವೆಯ ಉಡುಗೊರೆ ಲಕೋಟೆಗಳಿಗೆ ಕೆಂಪು ಬಿಳಿ ಕಾಗದದ ದಾರದಿಂದ ಗಂಟು ಹೆಣೆಯುವ ಕಸುಬಿನಲ್ಲಿ ಪಳಗಿದ ಬೆರಳುಗಳು ಅವಳವು. ಆದರೂ ಆ ಚಳಿಯಲ್ಲಿ ಸೆಟೆದುಕೊಂಡು ಹಣ್ಣು ಜಾರುತ್ತಿತ್ತು. ದಿನಾ ಒಂದಷ್ಟು ಹಣ್ಣು ಕತ್ತರಿಸಿ ಬಿಸಾಡಬೇಕಾಗುತ್ತಿತ್ತು. ಸರಗಳು ಹಲ್ಲು ಬಿದ್ದ ಬಾಯಿಯ ಹಾಗೆ ಕಾಣತೊಡಗಿದವು.

"ಹೇಗಿದೆ ನಮ್ಮ ಹಣ್ಣು?" ಎಂದು ಒಳಗಿನಿಂದ ಶಿಗೆಮಿ ಕೇಳುತ್ತಿದ್ದ.

"ಒಳ್ಳೇ ಬಣ್ಣ ಬಂದಿದೆ ರೀ. ಈ ವರ್ಷದ ಹಾಗೆ ಯಾವ ವರ್ಷನೂ ಬಂದಿರಲಿಲ್ಲ."

"ಒಂದು ಸರ ನನ್ನ ಕಿಟಕಿ ಹತ್ತಿರ ಕಟ್ಟು. ನೋಡ್ತಾ ಮಲಗ್ತೀನಿ."

"ಅಲ್ಲಿ ಬಿಸಿಲು ಬರಲ್ಲ. ಸುಮ್ನೆ ಮಲಗಿ."

ಸುಳ್ಳು ಹೇಳುವಾಗ ಅವನ ಕಡೆ ತಿರುಗದೆ ಏನಾದರೊಂದು ಮಡಿಸುತ್ತಿದ್ದಳು. ಅವನೂ ಹೆಚ್ಚು ಕೇಳುತ್ತಿರಲಿಲ್ಲ.

ಡಿಸೆಂಬರ್ ಅರ್ಧವಾಗಿತ್ತು. ಒಂದು ದಿನ ಬೆಳಿಗ್ಗೆ ಗಂಜಿ ಕುಡಿಸಲು ಕೂತಳು. ಎರಡನೇ ಚಮಚಕ್ಕೇ ಅವನು ಕಣ್ಣು ಮುಚ್ಚಿ ಹಾಸಿಗೆಯ ಅಂಚನ್ನು ಗಟ್ಟಿಯಾಗಿ ಹಿಡಿದುಕೊಂಡ.

"ನೋಯ್ತಾ?"

"ಇಲ್ಲ. ಏನೂ ಇಲ್ಲ."

ಹಣೆಯಲ್ಲಿ ಬೆವರು ಸಾಲುಗಟ್ಟಿತ್ತು, ಏನೂ ಇಲ್ಲವಂತೆ! ಅವಳು ಒರೆಸಿದಳು. ಹೊರಗೆ ಫ್ಯಾನಿನ ರೆಕ್ಕೆ ಎಲ್ಲೋ ತಾಗಿ ಟಕಟಕ ಅನ್ನುತ್ತಿತ್ತು.

"ಅದೇನದು, ಫ್ಯಾನಾ?" ಎಂದ.

"ಎಲ್ಲಿ?"

"ಕಿನುಕೊ, ಹೊಟ್ಟೆಗೆ ಇಳಿಯದಿದ್ದರೂ ಕಿವಿ ನೆಟ್ಟಗಿದೆ ನನಗೆ. ಹಣ್ಣು ಹಾಳಾಗಿದೆ ಅಲ್ವಾ?"

ಸಾಕಾಗಿತ್ತು ಅವಳಿಗೂ. ಎಲ್ಲ ಹೇಳಿಬಿಟ್ಟಳು. ಹಬೆ, ಪ್ಲಾಸ್ಟಿಕ್ಕು, ಮಂಗ, ಸೇಬು, ಎಲ್ಲ. ಅವನು ಕಣ್ಣು ಮುಚ್ಚಿಕೊಂಡೇ ಕೇಳಿದ. ಮಂಗ ಬಂದಾಗ ತುಟಿಯ ಅಂಚಿನಲ್ಲಿ ನಕ್ಕ.

"ಆ ಹುಡುಗಿ ಒಳ್ಳೆಯವಳು. ಹೋಗಿ ಹೇಳೋದಲ್ವಾ?"

"ಹೇಗೆ ಹೇಳ್ಲಿ? ಓಗಿಸೊ ಬಾಗಿಲಿಗೆ ಬಂದು ಕೇಳಿದಾಗ ಏನೂ ತೊಂದರೆ ಇಲ್ಲ ಅಂತ ನಾನೇ ಅಂದುಬಿಟ್ಟಿದೀನಲ್ಲ!"

ಶಿಗೆಮಿ ಕಣ್ಣು ತೆರೆದ. ಆಮೇಲೆ ಅವಳ ಕಡೆ ತಿರುಗಿದ. "ನಾನೂ ಹಾಗೇ ಅಂದೆ."

"ಯಾರಿಗೆ?"

"ಡಾಕ್ಟರಿಗೆ. ಹೋದ ವರ್ಷ ಊರ ಸಭಾಭವನದಲ್ಲಿ ಎಲ್ಲರಿಗೂ ಆರೋಗ್ಯ ತಪಾಸಣೆ ಇಟ್ಟಿದ್ದರಲ್ಲ. ನುಂಗೋಕೆ ಏನಾದರೂ ತೊಂದರೆ ಇದೆಯಾ ಅಂತ ಕೇಳಿದ್ರು. ಆಗಲೇ ಅನ್ನ ಇಳಿಯೋವಾಗ ಎದೇಲಿ ಸಿಕ್ಕಿಕೊಂಡ ಹಾಗೆ ಆಗ್ತಿತ್ತು. ನನ್ನ ಹಿಂದೆ ಜನ ಸಾಲು ನಿಂತಿದ್ರು. ಏನೂ ಇಲ್ಲ ಅಂದೆ."

ಕಿನುಕೊ ಕೈಯಲ್ಲಿ ಚಮಚ ಹಾಗೇ ನಿಂತಿತು. ಈ ಬೇಸಿಗೆಯಲ್ಲಿ ದೊಡ್ಡಾಸ್ಪತ್ರೆಯ ಡಾಕ್ಟರು ಅವಳನ್ನು ಪಕ್ಕಕ್ಕೆ ಕರೆದು, ಇನ್ನೂ ಮುಂಚೆ ಬಂದಿದ್ದರೆ ಕೊಯ್ದು ತೆಗೆಯಬಹುದಿತ್ತು ಎಂದಿದ್ದರು. ಮುಂಚೆ ಗೊತ್ತೇ ಇರಲಿಲ್ಲವಲ್ಲ ಸ್ವಾಮಿ ಎಂದು ಅವಳು ಕೈಮುಗಿದಿದ್ದಳು.

"ಹೋದ ವರ್ಷನಾ? ನನಗೂ ಹೇಳಲಿಲ್ವಾ ನೀವು? ಒಂದೇ ಸೂರಿನಡಿ ಇದ್ದುಕೊಂಡು?"

"ಹೇಳೋಣ ಅಂತಲೇ ಅವತ್ತು ಹಿತ್ತಲಿಗೆ ಬಂದೆ. ನೀನು ತಿಪ್ಪೆ ಹತ್ತಿರ ಕೂತು, ಕಾಕಿ ಎಲ್ಲ ಹಾಳಾಯ್ತು ಅಂತ ಅಳ್ತಾ ಇದ್ದೆ. ಇದನ್ನೂ ಎಲ್ಲಿ ಹೇಳೋದು ಅಂತ ವಾಪಸು ಹೋದೆ. ಆಮೇಲೆ... ಆಮೇಲೆ ಹಾಗೇ ಉಳೀತು."

ಅವಳು ಬಟ್ಟಲು ಕೆಳಗಿಟ್ಟಳು. ಗಂಜಿ ಚೆಲ್ಲಿತು, ನೋಡಲಿಲ್ಲ. ಅವಳಿಗೆ ಬಂದದ್ದು ದುಃಖವಲ್ಲ, ಕೋಪ. ಈ ಮನುಷ್ಯನ ಮೇಲೆ, ಆ ಸಾಲು ನಿಂತವರ ಮೇಲೆ, ಹಬೆಯ ಮೇಲೆ, ಎಲ್ಲಕ್ಕಿಂತ ಹೆಚ್ಚಾಗಿ ತಿಪ್ಪೆಯ ಹತ್ತಿರ ಕೂತು ಹಣ್ಣಿಗಾಗಿ ಅತ್ತ ತನ್ನ ಮೇಲೆ. ಎದ್ದವಳೇ ಮನೆಯೊಳಗಿನ ಚಪ್ಪಲಿಯಲ್ಲೇ ಹಿಮ ತುಳಿದುಕೊಂಡು ಓಣಿ ದಾಟಿ, ಪಕ್ಕದ ಬಾಗಿಲನ್ನು ಅಂಗೈಯಿಂದ ಬಡಿದಳು. ಕರೆಗಂಟೆ ಕಣ್ಣೆದುರೇ ಇತ್ತು.

ಮಿಹೊ ಬಂದಳು. ಹಿಂದೆಯೇ ಕೆಲಸಕ್ಕೆ ಹೊರಟಿದ್ದ ಅವಳ ಗಂಡ ಅತ್ಸುಶಿಯೂ ಬಂದ. ಕಿನುಕೊ ಬಗ್ಗಲಿಲ್ಲ, ಚಳಿ ಜಾಸ್ತಿ ಎನ್ನಲಿಲ್ಲ, ಮಗು ಹೇಗಿದೆ ಎನ್ನಲಿಲ್ಲ.

"ನಿಮ್ಮ ಪೆಟ್ಟಿಗೆಯ ಹಬೆ ನನ್ನ ಕಾಕಿಗೆ ಬಂದು ಹೊಡೀತಿದೆ. ಬೂಷ್ಟು ಹಿಡೀತಿದೆ. ಹೋದ ವರ್ಷನೂ ಅದೇ ಆಗಿದ್ದು. ನಾನು ತೊಂದರೆ ಇಲ್ಲ ಅಂದಿದ್ದೆ. ಅದು ಸುಳ್ಳು. ತೊಂದರೆ ಇದೆ. ತುಂಬಾ ತೊಂದರೆ ಇದೆ. ಅವರು ಸಾಯ್ತಾ ಇದಾರೆ, ಒಂದು ಹಣ್ಣು ಕೇಳಿದಾರೆ, ಅದನ್ನೂ ಕೊಡೋಕೆ ಆಗ್ತಿಲ್ಲ ನನ್ನ ಕೈಲಿ!"

ಹೇಳಿ ಮುಗಿಸುವಷ್ಟರಲ್ಲಿ ಬಾಗಿಲ ಚೌಕಟ್ಟು ಹಿಡಿದುಕೊಂಡು ಮಕ್ಕಳ ಹಾಗೆ ಬಿಕ್ಕಿಬಿಕ್ಕಿ ಅಳುತ್ತಿದ್ದಳು. ಮಿಹೊ ಕೂಸನ್ನು ಬೆನ್ನಲ್ಲಿ ಹೊತ್ತುಕೊಂಡೇ ತಪ್ಪಾಯಿತೆಂದು ನೆಲಕ್ಕೆ ಹಣೆ ಹಚ್ಚಿದಳು. ಅತ್ಸುಶಿ ಒಳಗೆ ಓಡಿ ಗೋಡೆಯ ಸ್ವಿಚ್ಚು ಒತ್ತಿದ. ಓಣಿಯಲ್ಲಿ ಗುಂಯ್ ನಿಂತಿತು.

ಮಧ್ಯಾಹ್ನಕ್ಕೆಲ್ಲ ಓಗಿಸೊ ತಗಡಿನ ಮುಚ್ಚಳ ಹಿಡಿದುಕೊಂಡು ಬಂದ. ಪೆಟ್ಟಿಗೆಯ ಬಾಯಿಗೆ ಅದನ್ನು ಕೂರಿಸಿ, ಹಬೆ ಓಣಿಗೆ ಬರದೆ ಮೇಲಕ್ಕೆದ್ದು ರಸ್ತೆಯ ಕಡೆ ಹೋಗುವ ಹಾಗೆ ಮಾಡಿದ. ನಾಲ್ಕು ಮೊಳೆಯ ಕೆಲಸ. ಕಿನುಕೊ ಚಹಾ ತಂದುಕೊಟ್ಟಾಗ ಟೋಪಿ ತೆಗೆದು ಕೈಯಲ್ಲಿ ತಿರುಗಿಸುತ್ತ ನಿಂತ.

"ಕೇಳಿದ್ದೆ ಅಮ್ಮ ಅವತ್ತು."

"ಕೇಳಿದ್ರಪ್ಪ. ನಾನೇ ಬೇಡ ಅಂದೆ."

"ಎಲ್ಲರೂ ಬೇಡ ಅಂತಾರೆ. ಅದು ಗೊತ್ತಿದ್ದೂ ಕೇಳಿ, ಬೇಡ ಅಂದ್ರು ಅಂತ ಹೋದೆ ನೋಡಿ. ಸೂರಿನಲ್ಲಿ ಕಾಕಿ ಕಟ್ಟುವ ಮೊಳೆ ಇದ್ದದ್ದು ಕಂಡಿತ್ತು ನನಗೆ. ಚಳಿಗಾಲದಲ್ಲಿ ಒಂದು ಸಲ ಬಂದು ನೋಡಬೇಕಿತ್ತು." ಚಹಾ ಅರ್ಧಕ್ಕೇ ಬಿಟ್ಟು ಹೋದ.

ಮುಂದಿನ ದಿನಗಳಲ್ಲಿ ಬೆಟ್ಟದ ಕಡೆಯಿಂದ ಒಣಗಾಳಿ ಬೀಸಿತು. ಉಳಿದದ್ದು ಒಂದೇ ಸರ, ಅದರಲ್ಲೂ ಅಲ್ಲೊಂದು ಇಲ್ಲೊಂದು ಹಣ್ಣು. ಕಿನುಕೊ ಅದನ್ನು ಗಂಡನ ಕಿಟಕಿಯ ಎದುರಿಗೇ ಕಟ್ಟಿದಳು. ದಿನಾ ಒಂದೊಂದನ್ನೂ ಬೆರಳಲ್ಲಿ ಮೆಲ್ಲಗೆ ಹಿಚುಕಿ, ಒಳಗಿನ ರಸ ಸಮನಾಗಿ ಹರಡುವ ಹಾಗೆ ಮಾಡುತ್ತಿದ್ದಳು. ಶಿಗೆಮಿ ಮಲಗಿದಲ್ಲಿಂದಲೇ ಸಲಹೆ ಕೊಡುತ್ತಿದ್ದ. "ಇನ್ನೂ ಮೆತ್ತಗೆ. ಅದು ನನ್ನ ಮೂಗಲ್ಲ." ಹಣ್ಣಿನ ಮೇಲೆ ತೆಳ್ಳಗೆ ಬಿಳಿ ಪುಡಿ ಕೂತ ದಿನ ಅವಳು ಕಿಟಕಿಯಾಚೆಯಿಂದ ಎತ್ತಿ ತೋರಿಸಿದಳು. ಅವನು ಹೊದಿಕೆಯಿಂದ ಕೈ ತೆಗೆದು ಆಡಿಸಿದ. ಆ ಕೈ ಎಷ್ಟು ಸಣ್ಣದಾಗಿದೆ ಎಂದು ಅವಳಿಗೆ ಕಿಟಕಿಯ ಹೊರಗಿನಿಂದ ನೋಡಿದಾಗಲೇ ಗೊತ್ತಾಗಿದ್ದು.

ವರ್ಷದ ಕೊನೆಯ ದಿನ ಬಂತು. ಅವನು ಇನ್ನೂ ಇದ್ದ. ಬೆಳಿಗ್ಗೆಯೇ ಗಡ್ಡ ಹೆರೆಸಿಕೊಂಡ, ಶುಭ್ರವಾದ ಅಂಗಿ ಬೇಕೆಂದ. ಹೊತ್ತು ಮುಳುಗುತ್ತಿದ್ದಂತೆ ಅವಳು ದಿಂಬುಗಳನ್ನು ಒಟ್ಟಿ ಅವನನ್ನು ಒರಗಿಸಿ ಕೂರಿಸಿದಳು. ತಟ್ಟೆಯಲ್ಲಿ ಎರಡು ಕಾಕಿ. ಅವನದನ್ನು ಚಾಕುವಿನಿಂದ ಉಗುರಿನಷ್ಟು ಸಣ್ಣಗೆ ಕತ್ತರಿಸಿ ಒಂದು ಚೂರನ್ನು ಅವನ ನಾಲಿಗೆಯ ಮೇಲಿಟ್ಟಳು.

ಅವನು ಬಾಯಿ ಮುಚ್ಚಿದ. ಚಪ್ಪರಿಸಿದ. ಕಣ್ಣು ಅರಳಿತು. ಆಮೇಲೆ ನುಂಗಲು ನೋಡಿದ. ಕುತ್ತಿಗೆಯ ನರ ಉಬ್ಬಿತು. ಕೈ ಹಾಸಿಗೆಯ ಅಂಚನ್ನು ಹುಡುಕಿತು.

"ನೋಯ್ತಾ ಇದೆಯಾ?"

ಅವನ ತಲೆ ಇಲ್ಲ ಎನ್ನಲು ಅಲುಗಿತು, ಅಭ್ಯಾಸ. ಅರ್ಧಕ್ಕೆ ನಿಂತಿತು. ಅವಳನ್ನು ನೋಡಿದ. ಬಾಯಿಯಲ್ಲಿದ್ದದ್ದನ್ನು ಅವಳ ಅಂಗೈಗೆ ಉಗಿದ.

"ನೋಯುತ್ತೆ," ಎಂದ. "ತುಂಬಾ ನೋಯುತ್ತೆ ಕಿನುಕೊ. ಆಗಲ್ಲ ನನ್ನ ಕೈಲಿ."

ಎಷ್ಟು ತಿಂಗಳಿಂದ ಅವಳು ಬೇಡಿದ್ದು ಈ ಮಾತನ್ನೇ. ಈಗ ಬಂದಾಗ ಅದನ್ನು ಎಲ್ಲಿಡಬೇಕೆಂದು ಅವಳಿಗೆ ತಿಳಿಯಲಿಲ್ಲ. ಅಂಗೈಯಲ್ಲಿದ್ದ ಚೂರನ್ನು ಮುಷ್ಟಿಯಲ್ಲಿ ಹಿಡಿದುಕೊಂಡೇ ಹತ್ತಿರ ಸರಿದು ಕೂತಳು.

"ಇನ್ನೂ ಎಲ್ಲೆಲ್ಲಿ ನೋಯುತ್ತೆ? ಹೇಳಿ. ಒಂದೂ ಬಿಡಬೇಡಿ."

ಅವನು ಹೇಳಿದ. ಗಂಟಲು. ಎದೆಯ ಹಿಂಭಾ‌ಗ. ಮಗ್ಗುಲು ಬದಲಿಸುವಾಗ ಸೊಂಟ. ಬೆಳಿಗ್ಗೆ ಅವಳು ಹಣ್ಣು ನೋಡಲು ಹೊರಗೆ ಹೋದಾಗ ಮನೆಯಲ್ಲಿ ಒಬ್ಬನೇ ಇರಲು ಭಯವಾಗುತ್ತದೆ, ಅದನ್ನೂ ಹೇಳಿದ. ಸಾಯೋಕೆ ಇಷ್ಟ ಇಲ್ಲ, ಅದನ್ನೂ ಹೇಳಿದ. ನಡುನಡುವೆ ಇಬ್ಬರೂ ಅತ್ತರು. ಒಲೆಯ ಮೇಲೆ ಹಬ್ಬದ ಸಾರು ಬತ್ತಿ ತಳ ಹಿಡಿಯಿತು, ಯಾರೂ ಏಳಲಿಲ್ಲ.

ಕೊನೆಗೆ ಅವನು ತಟ್ಟೆಯ ಕಡೆ ಗಲ್ಲ ಚಾಚಿದ. "ನಿನ್ನದು ನೀನು ತಿನ್ನು."

"ನನಗೆ ಬೇಡ."

"ತಿನ್ನೇ. ಸುಮ್ನೆ ಕೂತರೆ ಇಬ್ಬರಿಗೂ ಏರಲ್ಲ ವಯಸ್ಸು. ತಿನ್ನು, ನಾನು ನೋಡ್ತೀನಿ."

ಅವಳು ಹಣ್ಣು ಎತ್ತಿಕೊಂಡು ಕಚ್ಚಿದಳು. ಅವನು ಅವಳ ದವಡೆ ಆಡುವುದನ್ನೇ ನೋಡುತ್ತಿದ್ದ.

"ಹೇಗಿದೆ? ನಿಜ ಹೇಳು."

"ಅಷ್ಟು ಚೆನ್ನಾಗಿಲ್ಲ ರೀ. ತೊಟ್ಟಿನ ಹತ್ತಿರ ಹುಳಿ ಬಂದಿದೆ."

"ಹೌದಾ," ಎಂದು ಅವನು ಸಮಾಧಾನದಿಂದ ತಲೆಯಾಡಿಸಿ ದಿಂಬಿಗೆ ಒರಗಿದ. ಅವಳು ಕಣ್ಣೀರು ಒರೆಸಿಕೊಳ್ಳದೆ ಹುಳಿಯನ್ನೂ ಬಿಡದೆ ಪೂರ್ತಿ ತಿಂದು ಮುಗಿಸಿದಳು. ಹಾಗೆ ಕಿನುಕೊಗೆ ಅರವತ್ನಾಲ್ಕು ತುಂಬಿತು. ಶಿಗೆಮಿಗೆ ಅರವತ್ತೇಳು ಆಗಲೇ ಇಲ್ಲ.